ಹೊಳೆಮ್ಮನ ಕಾಲುವೆ ಆಟ

ಹೊಸಪೇಟೆ ಬಸ್‌ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಗಾಳೆಪ್ಪನ ರೇಡಿಯೋ ಅಂಗಡಿ ಸುತ್ತಲಿನ ಹಳ್ಳಿಯವರಿಗೆಲ್ಲ ಗೊತ್ತಿತ್ತು. ಡ್ಯಾಮಿನ ನೀರು ಬಂದು ಭತ್ತ, ಕಬ್ಬು ಎರಡೂ ಕೈಹಿಡಿದ ಮೇಲೆ ಜನ ಮೊದಲು ಕೊಂಡದ್ದು ಸೈಕಲ್ಲು, ಆಮೇಲೆ ರೇಡಿಯೋ. ಕೊಂಡವರೆಲ್ಲ ಒಂದಲ್ಲ ಒಂದು ದಿನ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಗಾಳೆಪ್ಪನ ಹತ್ತಿರ ಬರಲೇಬೇಕಿತ್ತು. ಬೋರ್ಡಿನ ಮೇಲೆ ಅವನ ಹೆಸರಿತ್ತು. ಒಳಗೆ ಕೂತು ಬೆಸುಗೆ ಹಾಕುತ್ತಿದ್ದವಳು ಅವನ ಹೆಂಡತಿ ಹೊಳೆಮ್ಮ.

ಮದುವೆಯಾಗಿ ಏಳೆಂಟು ವರ್ಷಕ್ಕೇ ಗಾಳೆಪ್ಪನ ಕಣ್ಣು ಮಂಜಾಗತೊಡಗಿತ್ತು. ಬಳ್ಳಾರಿಯ ಡಾಕ್ಟರು ನೋಡಿ, ಇದು ನರದ ತೊಂದರೆ, ಇದ್ದಷ್ಟು ಉಳಿದರೆ ಪುಣ್ಯ ಎಂದರು. ಎದುರಿಗಿದ್ದವರ ಮುಖ ಕಾಣುತ್ತಿತ್ತು, ಕೂದಲೆಳೆಯಂಥ ತಂತಿ ಕಾಣುತ್ತಿರಲಿಲ್ಲ. ಅಂಗಡಿ ಮುಚ್ಚುವ ಮಾತು ಬಂದಾಗ ಹೊಳೆಮ್ಮ, "ನೀವು ಹೇಳ್ರಿ, ನಾನು ಮಾಡ್ತೀನಿ" ಎಂದಳು. ಅವನು ಪಕ್ಕದಲ್ಲಿ ಕೂತು ರೇಡಿಯೋದ ಗೊರಗೊರ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದ. ಅವಳು ಅಲ್ಲಿಗೆ ಕಾದ ಕಡ್ಡಿ ಒತ್ತುತ್ತಿದ್ದಳು. ಮೊದಮೊದಲು ಬೆರಳು ಸುಟ್ಟುಕೊಂಡಳು, ಎರಡು ರೇಡಿಯೋ ಕೆಡಿಸಿದಳು. ಆಮೇಲೆ ಕೈ ಕುದುರಿತು. ಪಾಪಿನಾಯಕನಹಳ್ಳಿಯ ಗೌಡರೊಬ್ಬರು, "ಇದೇನು ಒಲಿ ಊದೋ ಕೆಲಸೇನವ್ವಾ?" ಎಂದು ಅನುಮಾನಪಟ್ಟಾಗ ಗಾಳೆಪ್ಪನೇ ಉತ್ತರ ಕೊಟ್ಟಿದ್ದ: "ಒಲಿ ನಾನು ಊದ್ತೀನ್ರಿ ಗೌಡ್ರ. ರೇಡಿಯೋ ಆಕಿಗೆ ಬಿಟ್ಟೀನಿ." ಅದು ನಿಜವೂ ಆಗಿತ್ತು. ಆ ಮನೆಯಲ್ಲಿ ಸಾರು ಮಾಡುತ್ತಿದ್ದವನು ಅವನೇ. ನಾನು ಪಕ್ಕದ ಮನೆಯಲ್ಲಿ ಬೆಳೆದವಳು, ಆ ಸಾರು ಉಂಡಿದ್ದೇನೆ.

ಹೊಳೆಮ್ಮ ಹುಟ್ಟಿದ್ದು ಕಂಪ್ಲಿಯಲ್ಲಿ. ಅಪ್ಪ ಅವ್ವ ಇಬ್ಬರೂ ಬೇರೆಯವರ ಗದ್ದೆಯಲ್ಲಿ ಕೂಲಿ. ಅವರು ನಾಟಿಗೆ ಹೋದಾಗ ಕೂಲಿಯವರ ಮಕ್ಕಳೆಲ್ಲ ಕಾಲುವೆಯ ದಂಡೆಯ ಮೇಲೆ ಇರುತ್ತಿದ್ದರು. ಅಲ್ಲಿ ಪಾಲಯ್ಯ ಎಂಬ ನೀರುಗಂಟಿ ಇದ್ದ. ಯಾವ ಗದ್ದೆಗೆ ಯಾವಾಗ ತೂಬು ತೆಗೆಯಬೇಕು ಎಂದು ನೋಡಿಕೊಳ್ಳುವುದು ಅವನ ಕೆಲಸ. ಮಕ್ಕಳು ಕಾಲುವೆಗೆ ಇಳಿಯದಿರಲಿ ಎಂದು ಅವನು ಅವರಿಗೆ ಒಂದು ಆಟ ಕಲಿಸಿದ್ದ.

ಹಸಿ ಮರಳಿನಲ್ಲಿ ಬೆರಳಿಂದ ಒಂದು ಸಣ್ಣ ಕಾಲುವೆ ಗೀರುವುದು. ಅದರ ಪಕ್ಕಕ್ಕೆ ಸಾಲಾಗಿ ಐದು ಮಡಿ, ಅಂದರೆ ಸುತ್ತ ಬದುವಿರುವ ಪುಟ್ಟ ಗದ್ದೆಗಳನ್ನು, ಕಟ್ಟುವುದು. ಒಬ್ಬೊಬ್ಬರಿಗೆ ಒಂದೊಂದು ಮಡಿ. ಮೇಲಿನಿಂದ ಒಂದು ಡಬ್ಬಿ ನೀರು ಬಿಡುವುದು. ನೀರು ಹರಿದು ಬರುವಾಗ ಯಾರು ಬೇಕಾದರೂ ತಮ್ಮ ಬದು ಒಡೆದು ಎಷ್ಟು ಬೇಕೋ ಅಷ್ಟು ಎಳೆದುಕೊಳ್ಳಬಹುದು. ಹೆಚ್ಚು ನೀರು ಯಾರ ಮಡಿಯಲ್ಲಿದೆಯೋ ಅವರೇ ಗೆದ್ದರು. ಆದರೆ ಕೊನೆಯ ಮಡಿ ಒಣಗಿ ಉಳಿದರೆ ಯಾರೂ ಗೆದ್ದ ಹಾಗಲ್ಲ, ಐದೂ ಮಂದಿ ಸೋತ ಹಾಗೆ. ಎಲ್ಲರಿಗಿಂತ ಚಿಕ್ಕವಳು ಹೊಳೆಮ್ಮ. ಕೊನೆಯ ಮಡಿ ಯಾವಾಗಲೂ ಅವಳದು. ತಾನು ಅಳಬಾರದೆಂದೇ ಪಾಲಯ್ಯ ಆ ಕೊನೆಯ ಮಾತು ಸೇರಿಸಿದ್ದ ಎಂದು ಅವಳು ನಂಬಿದ್ದಳು.

ಎಂಬತ್ತನಾಲ್ಕರ ಸುಮಾರಿಗೆ ಅಂಗಡಿಗೆ ಟೇಪ್ ರೆಕಾರ್ಡರು, ಟಿ.ವಿ. ಎಲ್ಲ ಬರತೊಡಗಿದವು. ಕಾಯುವ ಗಿರಾಕಿಗಳು ಹೆಚ್ಚಾದರು. ಕಾಯುವವರಿಗೆ ಬೇಸರ ಆಗದಿರಲಿ ಎಂದು ಹೊಳೆಮ್ಮ ಗುಜರಿಯಿಂದ ಕರೆಂಟಿನ ದಾರಿ ತಿರುಗಿಸುವ ಹಳೇ ಟೆಲಿಫೋನ್ ರಿಲೇಗಳನ್ನು ತಂದು, ಟೇಪ್ ರೆಕಾರ್ಡರಿನ ಒಂದು ಮೋಟರು ಸೇರಿಸಿ, ಒಂದು ಮರದ ಪೆಟ್ಟಿಗೆ ಮಾಡಿದಳು. ಅದರ ಮೇಲೆ ಕಾಲುವೆಯನ್ನೂ ಐದು ಮಡಿಗಳನ್ನೂ ತಾನೇ ಬಣ್ಣದಲ್ಲಿ ಬರೆದಳು. ಕಾಲುವೆಯುದ್ದಕ್ಕೂ ಸಣ್ಣ ಬಲ್ಬುಗಳು ಒಂದಾದ ಮೇಲೊಂದು ಹತ್ತಿ, ಬೆಳಕು ನೀರಿನ ಹಾಗೆ ಹರಿಯುತ್ತಿತ್ತು. ಗುಂಡಿ ಒತ್ತಿದರೆ ಬೆಳಕು ಒತ್ತಿದವರ ಮಡಿಗೆ ತಿರುಗುತ್ತಿತ್ತು. ಕೊನೆಯ ಮಡಿ ಕತ್ತಲಾಗಿ ಉಳಿದರೆ ಗಂಟೆ ಮೊಳಗಿ ಎಲ್ಲ ಬಲ್ಬೂ ಆರಿಹೋಗುತ್ತಿದ್ದವು.

ರಿಪೇರಿಗೆ ಬಂದವರು ರಿಪೇರಿ ಮುಗಿದ ಮೇಲೂ ಏಳುತ್ತಿರಲಿಲ್ಲ. ಹೋಟೆಲಿನವರೊಬ್ಬರು ತಮಗೊಂದು ಬೇಕೆಂದರು. ಶಾಲೆಗಳು ಕೇಳಿದವು. ಹಂಪಿಯಲ್ಲಿ ಪರದೇಶದವರಿಗೆ ಕೋಣೆ ಕೊಡುವ ಜಂಬಯ್ಯ ತನ್ನ ಅಂಗಳಕ್ಕೆ ಒಂದು ಒಯ್ದ. ಬಸ್‌ ಸ್ಟ್ಯಾಂಡಿನ ಎದುರಿಗೆ ವಿಡಿಯೋ ಗೇಮಿನ ಅಂಗಡಿ ಶುರುವಾದಾಗ ಇನ್ನು ಇವಳ ಪೆಟ್ಟಿಗೆ ಮೂಲೆ ಸೇರಿತು ಎಂದುಕೊಂಡವರಿದ್ದರು. ಹಾಗಾಗಲಿಲ್ಲ. ಅಲ್ಲಿ ಒಬ್ಬೊಬ್ಬರೇ ಗಾಜಿನ ಮುಂದೆ ನಿಂತು ಗುಂಡು ಹಾರಿಸುತ್ತಿದ್ದರು. ಇಲ್ಲಿ ಐದು ಮಂದಿ ಒಬ್ಬರ ಮುಖ ಒಬ್ಬರು ನೋಡುತ್ತ ಬೈದಾಡಿಕೊಂಡು ಆಡುತ್ತಿದ್ದರು.

ತೊಂಬತ್ತರ ಬೇಸಿಗೆಯಲ್ಲಿ ಕಂಪ್ಲಿಯಿಂದ ಬಂದ ಒಬ್ಬ ಗಿರಾಕಿ, "ಇಂಥಾದ್ದೇ ಪೆಟ್ಟಿಗಿ ನಮ್ಮೂರಾಗೂ ಐತ್ರಿ. ಮೋಟರ್ ಸುತ್ತೋ ಹೊನ್ನೂರಪ್ಪ ಮಾಡ್ಯಾನ" ಎಂದ.

ಹೊಳೆಮ್ಮ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು. ಆ ದಿನ ಅವಳಿಗೆ ಊಟ ಸೇರಲಿಲ್ಲ. "ನೋಡಿ ಮಾಡ್ಯಾನ್ರಿ ಅವ. ಕಳ್ಳ" ಎಂದು ಗಂಡನ ಮುಂದೆ ಆಡಿಕೊಂಡಳು.

ಅದೇ ಸಮಯಕ್ಕೆ ಚನ್ನಯ್ಯ ಬಂದ. ಅವನು ಸಂಡೂರಿನವನು. ಓದಿ ಎಂಜಿನಿಯರಾಗಿ ಪುಣೆಯ ಕಡೆ ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿದ್ದ. ರಜೆಗೆ ಊರಿಗೆ ಬಂದವನು ಜಂಬಯ್ಯನ ಅಂಗಳದಲ್ಲಿ ಈ ಆಟ ಆಡಿ, ವಿಳಾಸ ಕೇಳಿಕೊಂಡು ಬಂದಿದ್ದ. ಬಂದವನು ಇಡೀ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು ಬಂದವರ ಜೊತೆ ಆಡಿದ. ಸೋತಾಗ ನಕ್ಕ. ಹೊಳೆಮ್ಮನಿಗೆ ಅವನು ಹಿಡಿಸಿದ.

"ಹೊಳೆಮ್ಮಾರೆ, ಇದನ್ನ ನಾವು ವಿಡಿಯೋ ಗೇಮ್ ಮಾಡ್ತೀವ್ರಿ" ಎಂದ ಅವನು. "ಟಿ.ವಿ. ಇದ್ದ ಮನೆಯೊಳಗೆಲ್ಲ ನಿಮ್ಮ ಆಟ ಬರ್ತೈತಿ. ನಿಮ್ಮ ಹೆಸರೂ ಹಾಕ್ತೀವಿ. ಆದ್ರ ಒಂದು ಮಾತು. ಆಡೋ ರೀತಿಗೇ ಪೇಟೆಂಟ್ ಮಾಡಸ್ಬೇಕಂತ ನಮ್ಮ ಮಾಲಕ್ರು ಹೇಳ್ತಾರ. ಕೊನೀ ಮಡಿ ಒಣಗಿದ್ರ ಎಲ್ಲಾರೂ ಸೋತಂಗ ಅನ್ನೋದು ಐತಲ್ಲ, ಅದಕ್ಕ. ಅದು ನಿಮ್ಮದು, ನಮಗ ಬರ್ದು ಕೊಟ್ಟೀರಿ ಅಂತ ಸಹಿ ಬೇಕು."

"ಹಂಗಂದ್ರ?"

"ಆಮ್ಯಾಲ ಆ ಥರದ ಆಟ ಬ್ಯಾರೇದವ್ರು ಮಾಡಂಗಿಲ್ಲ. ಸರ್ಕಾರದವ್ರು ಕೊಡ್ತಾರೋ ಬಿಡ್ತಾರೋ ಹೇಳಾಕಾಗಲ್ಲ. ಕೊಡದಿದ್ರೂ ವಕೀಲರ ನೋಟಿಸ್ ಹೋದ್ರ ಸಣ್ಣ ಮಂದಿ ಹೆದರಿ ಬಿಟ್ಟುಬಿಡ್ತಾರ."

ಹೊಳೆಮ್ಮನಿಗೆ ತಟ್ಟನೆ ಹೊನ್ನೂರಪ್ಪ ನೆನಪಾದ. "ಕಂಪ್ಲಿಯಾಗ ಒಬ್ಬ ನನ್ನ ಪೆಟ್ಟಿಗಿ ನೋಡಿ ಮಾಡ್ಯಾನ. ಅವನೂ ಬಿಡಬೇಕಾಗ್ತತೇನು?" ಎಂದು ಕೇಳಿದಳು.

"ಮೊದಲನೇ ನೋಟಿಸ್ ಅವಂಗೇ" ಎಂದ ಚನ್ನಯ್ಯ.

ಆ ಮಾತು ಕೇಳಿ ಅವಳಿಗೆ ತಣ್ಣನೆ ನೀರು ಕುಡಿದ ಹಾಗಾಯಿತು. ವಾರ ಬಿಟ್ಟು ಬರ್ರಿ, ಸಹಿ ಮಾಡುತ್ತೇನೆ ಎಂದು ಹೇಳಿ ಕಳಿಸಿದಳು. ಅವನು ಹೋದ ಮೇಲೆ ಗಾಳೆಪ್ಪ ಒಂದೇ ಮಾತು ಹೇಳಿದ: "ಅವನ ಪೆಟ್ಟಿಗಿ ಹೆಂಗೈತಿ, ಒಂದ್ಸಲ ನೋಡಿಕ್ಯಂಡು ಬಾ. ನೋಡದಂಗ ಕಳ್ಳ ಅನ್ನೋದು ನಿನ್ನ ಗುಣ ಅಲ್ಲ."

ಅವಳು ಬಸ್ಸು ಹತ್ತಿ ಕಂಪ್ಲಿಗೆ ಹೋದಳು. ದಾರಿಯುದ್ದಕ್ಕೂ ಹಸಿರು ಗದ್ದೆ, ಬಾಳೆ ತೋಟ, ಆಲೆಮನೆಯ ಬೆಲ್ಲದ ವಾಸನೆ. ಇದು ಯಾವುದೂ ಅವತ್ತು ಅವಳ ಗಮನಕ್ಕೆ ಬರಲಿಲ್ಲ. ಹೊನ್ನೂರಪ್ಪನಿಗೆ ಏನೇನು ಹೇಳಬೇಕು ಎಂದು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದಳು.

ಹೊನ್ನೂರಪ್ಪ ಮೂವತ್ತರ ಆಸುಪಾಸಿನವನು. ಪಂಪ್‌ಸೆಟ್ಟಿನ ಮೋಟರುಗಳಿಗೆ ತಂತಿ ಸುತ್ತುವ ಕೆಲಸ. ಅಂಗಡಿಯ ಮುಂದೆ ಬೇವಿನ ಮರದ ಕೆಳಗೆ ಪೆಟ್ಟಿಗೆ ಇತ್ತು, ಸುತ್ತಲೂ ಜನ ಇದ್ದರು. ಹೊಳೆಮ್ಮ ತಾನು ಯಾರೆಂದು ಹೇಳಿದ ಕೂಡಲೇ ಅವನು ಎದ್ದು ನಿಂತ.

"ಅಕ್ಕಾ, ಬರ್ರಿ. ನಾನೇ ನಿಮ್ಮ ಕಡೆ ಬರಬೇಕಂತಿದ್ದೆ, ಮೈ ಬಗ್ಗಲಿಲ್ಲ."

"ನನ್ನ ಪೆಟ್ಟಿಗಿ ನೋಡೇ ಮಾಡೀ ಅಲ್ಲ?"

"ನೋಡೇ ಮಾಡೀನ್ರಿ. ಸುಳ್ಳ್ಯಾಕ ಹೇಳ್ಲಿ? ಬಲ್ಬು ಹಿಂಗ ಓಡಿಸಬೋದು ಅನ್ನೋದು ನಿಮ್ಮ ಅಂಗಡ್ಯಾಗ ನೋಡಿದ್ದು. ಆದ್ರ ಆಟ ನಮ್ಮವ್ವ ಹೇಳಿಕೊಟ್ಟಿದ್ದು."

"ನಿಮ್ಮವ್ವಗ ಹೆಂಗ ಗೊತ್ತು?" ಎಂದು ಅವಳು ಕೇಳುವಷ್ಟರಲ್ಲಿ ಒಳಗಿನಿಂದ ಮಜ್ಜಿಗೆಯ ಚೊಂಬು ಹಿಡಿದು ಒಬ್ಬಳು ಬಂದಳು. ಹೊಳೆಮ್ಮನಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಚೊಂಬು ಕೊಟ್ಟು, ಮುಖ ದಿಟ್ಟಿಸಿ ನೋಡಿ, "ನೀನು ಸಣ್ಣ ಹೊಳಿ ಅಲ್ಲೇನು? ಕೊನೀ ಮಡಿಯಾಕಿ?" ಎಂದಳು.

ಅವಳು ಭೀಮವ್ವ. ಪಾಲಯ್ಯನ ಆಟದಲ್ಲಿ ಮೇಲಿನ ಮಡಿ ಯಾವಾಗಲೂ ಅವಳದಾಗಿತ್ತು. ಮದುವೆಯಾಗಿ ಹೊಳೆ ಆಚೆಗಿನ ಊರಿಗೆ ಹೋದವಳು, ಗಂಡ ತೀರಿಕೊಂಡ ಮೇಲೆ ಮಗನನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಅಷ್ಟರಲ್ಲಿ ಹೊಳೆಮ್ಮ ಹೊಸಪೇಟೆ ಸೇರಿದ್ದಳು. ಇಬ್ಬರೂ ಹರೆಯದಿಂದ ಈಚೆಗೆ ಮುಖ ನೋಡಿಕೊಂಡಿರಲಿಲ್ಲ.

ಇಬ್ಬರೂ ಬೇವಿನ ಮರದ ಕೆಳಗೆ ಕೂತರು. ಹೊಳೆಮ್ಮ, "ನನಗೋಸ್ಕರ ಪಾಲಯ್ಯಜ್ಜ ಆ ಕೊನೀ ಮಡಿ ಮಾತು ಸೇರ್ಸಿದ್ದ, ಅಲ್ಲೇನು ಭೀಮಕ್ಕ?" ಎಂದಳು.

ಭೀಮವ್ವ ನಕ್ಕಳು. "ನಿನಗೋಸ್ಕರ ಅಲ್ಲ ತಂಗಿ. ನೀನು ಹುಟ್ಟೋಕಿಂತ ಮುಂಚೇನೂ ಹಂಗೇ ಇತ್ತು. ಪಾಲಯ್ಯಜ್ಜನ ಅವ್ವನ ಊರಾಗ ಕೆರಿ ದಂಡಿಮ್ಯಾಲ ಆಡ್ತಿದ್ರಂತ. ಮೊದಲು ಅದ್ರಾಗ ಒಬ್ಬರೇ ಗೆಲ್ಲೋದು ಇರಲಿಲ್ಲ. ಕೊನೀ ಮಡಿ ತೊಯ್ದ್ರ ಎಲ್ಲಾರೂ ಗೆದ್ದಂಗ, ಅಷ್ಟೇ. ನನಗ ಅದು ಸಪ್ಪಗ ಅನಿಸ್ತಿತ್ತು. ಹೆಚ್ಚು ನೀರು ಇದ್ದಾಕಿ ಗೆಲ್ಲಬೇಕು ಅಂತ ಜಗಳ ತೆಗೆದು ಹಟ ಹಿಡಿದಾಕಿ ನಾನು."

ಹೊಳೆಮ್ಮ ಮಜ್ಜಿಗೆ ಕುಡಿದು ಮುಗಿಸಿದಳು. ಇಷ್ಟು ವರ್ಷ ತನ್ನದೆಂದು ಎದೆಯಲ್ಲಿ ಇಟ್ಟುಕೊಂಡಿದ್ದು ಅರ್ಧ ಪಾಲಯ್ಯನ ಅವ್ವನ ಊರಿನವರದು, ಅರ್ಧ ಎದುರಿಗೆ ಕೂತ ಈ ಹೆಂಗಸಿನ ಹಟ. ಮನಸ್ಸಿಗೆ ಕಸಿವಿಸಿಯಾಯಿತು, ಇಲ್ಲವೆನ್ನಲಾರೆ ಎಂದು ಆಮೇಲೆ ಅವಳೇ ನನಗೆ ಹೇಳಿದಳು.

"ಆಡೋಣ ಬಾ" ಎಂದು ಭೀಮವ್ವ ಅವಳ ಕೈ ಹಿಡಿದು ಎಬ್ಬಿಸಿದಳು.

ಹೊನ್ನೂರಪ್ಪನ ಪೆಟ್ಟಿಗೆ ನೋಡಲು ಒರಟಾಗಿತ್ತು. ಬಣ್ಣ ಸರಿಯಾಗಿ ಬಳಿದಿರಲಿಲ್ಲ. ಆದರೆ ಒಂದೊಂದು ಮಡಿಗೆ ಒಂದರ ಬದಲು ಎರಡು ಗುಂಡಿ ಇದ್ದವು. ಹೊಳೆಮ್ಮನ ಪೆಟ್ಟಿಗೆಯಲ್ಲಿ ಒಮ್ಮೆ ಎಳೆದುಕೊಂಡ ನೀರು ಎಳೆದುಕೊಂಡವರದೇ. ಇಲ್ಲಿ ಎರಡನೆಯ ಗುಂಡಿ ಒತ್ತಿದರೆ ತನ್ನ ಮಡಿಯಿಂದ ಕೆಳಗಿನ ಮಡಿಗೆ ನೀರು ಬಿಟ್ಟುಕೊಡಬಹುದಾಗಿತ್ತು. ಆಟ ಇನ್ನೇನು ಮುಗಿಯಿತು, ಕೊನೆಯ ಮಡಿ ಕತ್ತಲು ಎನ್ನುವಾಗ ಯಾರಾದರೂ ಒಬ್ಬರು ಬಿಟ್ಟುಕೊಟ್ಟರೆ ಎಲ್ಲರೂ ಉಳಿಯುತ್ತಿದ್ದರು. ಆದರೆ ಬಿಟ್ಟುಕೊಟ್ಟವರು ಗೆಲ್ಲುವ ಹಾಗಿರಲಿಲ್ಲ. ಯಾರು ಬಿಡಬೇಕು ಎಂದು ಸುತ್ತ ನಿಂತವರೂ ಕೂಗುತ್ತಿದ್ದರು. ಮೂರು ಆಟ ಆಗುವಷ್ಟರಲ್ಲಿ ಹೊಳೆಮ್ಮ ತಾನು ಯಾಕೆ ಬಂದೆನೆಂಬುದನ್ನೇ ಮರೆತಿದ್ದಳು.

"ಇದು ನನಗ ಹೊಳೀಲೇ ಇಲ್ಲ ನೋಡಪ್ಪ" ಎಂದಳು ಹೊನ್ನೂರಪ್ಪನಿಗೆ. "ಹಿಂಗ ವಾಪಸ್ ಬಿಡೋದಕ್ಕ ರಿಲೇ ಹೆಂಗ ಜೋಡ್ಸೀದಿ?"

ಅವನು ಹಿಂದಿನ ಹಲಗೆ ಬಿಚ್ಚಿ ತೋರಿಸಿದ. ಎಲ್ಲಿ ಬೆಸುಗೆ ಸಡಿಲವಾಗಿದೆ ಎಂದು ಅವಳು ಹೇಳಿಕೊಟ್ಟಳು. ಸಂಜೆಯ ಬಸ್ಸಿಗೆ ಹತ್ತುವ ಮೊದಲು ಚನ್ನಯ್ಯನ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು.

"ನೋಟಿಸ್ ಬಂದ್ರ ನಾನು ಬಿಟ್ಟುಬಿಡ್ತೀನ್ರಿ ಅಕ್ಕ. ನಮಗ ಕೋರ್ಟು ಗೀರ್ಟು ಎಲ್ಲಿಂದ?" ಎಂದ ಹೊನ್ನೂರಪ್ಪ.

"ಬರಂಗಿಲ್ಲ" ಎಂದಳು ಹೊಳೆಮ್ಮ.

ವಾರ ಬಿಟ್ಟು ಚನ್ನಯ್ಯ ಬಂದಾಗ ಅವಳು ನಡೆದುದನ್ನೆಲ್ಲ ಹೇಳಿ, "ಈ ಪೆಟ್ಟಿಗಿ ನಂದು. ಬಣ್ಣ ನಂದು, ಒಳಗಿನ ತಂತಿ ನಂದು. ಇದ್ದದ್ದು ಇದ್ದಂಗ ಮಾಡಿ ಹೊಳೆಮ್ಮಂದು ಅಂತ ಮಾರಿದ್ರ ನಾನು ಜಗಳಕ್ಕ ಬರ್ತೀನಿ. ಆಡೋ ರೀತಿ ನಂದಲ್ರಿ. ನಂದಲ್ಲದ್ದಕ್ಕ ಹೆಂಗ ಸಹಿ ಮಾಡ್ಲಿ?" ಎಂದಳು.

ಚನ್ನಯ್ಯ ಸಿಟ್ಟಾಗಲಿಲ್ಲ. ಆದರೆ ಅವನಿಗೂ ಹೇಳುವುದಿತ್ತು. "ನಮ್ಮ ಕಷ್ಟಾನೂ ಕೇಳ್ರಿ ಅಮ್ಮ. ವರ್ಷಗಟ್ಲೆ ಕುಂತು ಒಂದು ಆಟ ಮಾಡ್ತೀವಿ. ಮುಂದಿನ ತಿಂಗಳೇ ದೊಡ್ಡ ಕಂಪನಿಯವ್ರು ಅದನ್ನೇ ಮಾಡಿ ಬಜಾರಿಗೆ ತರ್ತಾರ. ನಮ್ಮ ಹುಡುಗ್ರು ಮನಿಗೆ ಹೋಗಬೇಕಾಗ್ತತಿ."

"ಅದು ನಿಜ" ಎಂದಳು ಹೊಳೆಮ್ಮ. "ನನಗೂ ಹೊಟ್ಟಿ ಉರಿದಿತ್ತು. ಆದ್ರ ಹೊನ್ನೂರಪ್ಪನ್ನ ನಿಲ್ಸಿದ್ದಿದ್ರ ಆ ಎರಡನೇ ಗುಂಡಿ ಇರ್ತಿರಲಿಲ್ಲ. ಪಾಲಯ್ಯಜ್ಜ ನನ್ನ ನಿಲ್ಸಿದ್ದಿದ್ರ ಈ ಪೆಟ್ಟಿಗೀನೂ ಇರ್ತಿರಲಿಲ್ಲ. ನೀವು ಮಾಡ್ರಿ, ಬ್ಯಾಡ ಅನ್ನಲ್ಲ. ನಿಮ್ಮ ಚಿತ್ರ, ನಿಮ್ಮ ಹೆಸರು ನೀವು ಕಾಯ್ಕ್ಯಳ್ರಿ. ಆಟಕ್ಕ ಬೀಗ ಹಾಕಬ್ಯಾಡ್ರಿ."

ಗಾಳೆಪ್ಪ ಒಳಗಿನಿಂದ ಚಹಾ ತಂದು ಕೊಟ್ಟ. ಚನ್ನಯ್ಯ ಕುಡಿದು, ಮಾಲಕರಿಗೆ ಹೇಳಿ ನೋಡುತ್ತೇನೆ ಎಂದು ಹೋದ. ಮುಂದೆ ಎರಡು ವರ್ಷ ಅವನ ಸುದ್ದಿ ಬರಲಿಲ್ಲ. ಸಿಕ್ಕ ಅವಕಾಶ ಕಳೆದುಕೊಂಡಳು ಎಂದು ಓಣಿಯಲ್ಲಿ ಅಂದವರಿದ್ದರು, ನಮ್ಮ ಅವ್ವನೂ ಅಂದಳು. ಹೊಳೆಮ್ಮ ಅಷ್ಟರಲ್ಲಿ ಹೊನ್ನೂರಪ್ಪನ ಜೊತೆ ಸೇರಿ ಪೆಟ್ಟಿಗೆ ಮಾಡತೊಡಗಿದ್ದಳು. ಅವಳಿಗೆ ಕೆಲಸವೂ ಹೆಚ್ಚಾಗಿತ್ತು. ತಂತಿ ಸುತ್ತುವುದು, ಪೆಟ್ಟಿಗೆ ಕಟ್ಟುವುದು ಹೊನ್ನೂರಪ್ಪನ ಪಾಲಿಗೆ. ಬೆಸುಗೆ, ಬಣ್ಣ ಇವಳ ಪಾಲಿಗೆ. ಕಂಪ್ಲಿ, ಗಂಗಾವತಿ, ಸಂಡೂರಿನ ಗಣಿ ಕಾಲೋನಿಯ ತನಕ ಅವರ ಪೆಟ್ಟಿಗೆಗಳು ಹೋದವು.

ಆ ದಿನಗಳಲ್ಲಿ ನಡೆದ ಒಂದು ಸಂಗತಿಯನ್ನು ಹೊಳೆಮ್ಮ ಹೇಳುವಾಗಲೆಲ್ಲ ಅವಳ ದನಿ ಮೆತ್ತಗಾಗುತ್ತಿತ್ತು. ಹೊನ್ನೂರಪ್ಪ ಅಂಗಡಿಗೆ ಬಂದು ಹೋಗಿ ಮಾಡುವಾಗ ಗಾಳೆಪ್ಪ ಎಂದೂ ಆಟಕ್ಕೆ ಕೂರುವುದಿಲ್ಲ ಎಂಬುದನ್ನು ಗಮನಿಸಿದ್ದ. ಅಷ್ಟೊತ್ತಿಗೆ ಗಾಳೆಪ್ಪನಿಗೆ ಓಡುವ ಬೆಳಕು ಕಾಣುತ್ತಿರಲಿಲ್ಲ. ಒಂದು ದಿನ ಹೊನ್ನೂರಪ್ಪ ಚೀಲದಲ್ಲಿ ಹಳೆಯ ಕರೆಗಂಟೆಗಳನ್ನು ತುಂಬಿಕೊಂಡು ಬಂದ. ಒಂದೊಂದು ಮಡಿಗೆ ಒಂದೊಂದು ದನಿಯ ಗಂಟೆ ಜೋಡಿಸಿದ. ನೀರು ಯಾವ ಮಡಿಗೆ ಹೋಯಿತು ಎಂಬುದು ಈಗ ಕಿವಿಗೆ ತಿಳಿಯುತ್ತಿತ್ತು. "ಮಾವ, ಕುಂದ್ರಿ" ಎಂದು ಗಾಳೆಪ್ಪನ ಬೆರಳನ್ನು ಗುಂಡಿಯ ಮೇಲಿಟ್ಟ.

ರೇಡಿಯೋದ ಗೊರಗೊರದಲ್ಲಿ ದೋಷ ಹಿಡಿಯುವ ಕಿವಿ ಅದು. ಎರಡನೆಯ ಆಟಕ್ಕೇ ಗಾಳೆಪ್ಪ ಗೆದ್ದ. ಗೆದ್ದು, ಎಷ್ಟೋ ಹೊತ್ತು ಗುಂಡಿಯಿಂದ ಬೆರಳು ತೆಗೆಯಲಿಲ್ಲ. "ಇಷ್ಟು ವರ್ಷ ಇವ್ರು ಆಡೋದು ಕೇಳಿಕ್ಯಂತ ಕುಂತಿದ್ದೆ. ಇವತ್ತು ನಾನೂ ಆಡಿದೆ" ಎಂದ. ಹೊಳೆಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ತಾನು ಕಳ್ಳ ಎಂದು ಕರೆದ ಹುಡುಗನೇ ಇದನ್ನು ಮಾಡಿದನಲ್ಲ ಎಂದು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾಳೋ.

ತೊಂಬತ್ತೆರಡರ ಕೊನೆಗೆ ಚನ್ನಯ್ಯ ಬಂದ. ಕೈಯಲ್ಲಿ ಒಂದು ವಿಡಿಯೋ ಗೇಮಿನ ಕ್ಯಾಸೆಟ್ಟು, ಅದನ್ನು ಟಿ.ವಿ.ಗೆ ಜೋಡಿಸುವ ಯಂತ್ರ. ರಿಪೇರಿಗೆ ಬಂದಿದ್ದ ಒಂದು ಟಿ.ವಿ.ಗೆ ಅದನ್ನು ಜೋಡಿಸಿದ. ಪರದೆಯ ಮೇಲೆ ಕಾಲುವೆ, ಮಡಿಗಳು. ಕೊನೆಯ ಮಡಿ ಒಣಗಿದರೆ ಎಲ್ಲರೂ ಸೋತ ಹಾಗೆ ಎಂಬುದು ಹಾಗೇ ಇತ್ತು. ಮಾಲಕರು ಮೊದಲು ಒಪ್ಪಲಿಲ್ಲವಂತೆ. ಆಟವನ್ನೇ ಕೈಬಿಡಿ ಎಂದಿದ್ದರಂತೆ. ಬೇರೆ ಎರಡು ಆಟ ಮಾಡಿ ಅವು ಓಡದಿದ್ದಾಗ ಇದನ್ನು ತೆಗೆದುಕೊಂಡರಂತೆ.

"ಬೀಗ ಹಾಕಿಲ್ಲ ಅಮ್ಮ" ಎಂದ ಚನ್ನಯ್ಯ. "ಚಿತ್ರ, ಹೆಸರು ಅಷ್ಟೇ ನಮ್ಮವು. ಯಾರಿಗೂ ನೋಟಿಸ್ ಹೋಗಲ್ಲ."

ಹೊಳೆಮ್ಮ ಆಡಿದಳು. ಆಟದ ನಡುವೆ ಪರದೆಯ ಮೇಲೆ ಒಂದು ಏಡಿ ಬಂದು ಬದುವಿಗೆ ತೂತು ಕೊರೆಯಿತು. ಮಡಿಯ ನೀರು ಸೋರತೊಡಗಿತು. ಗದ್ದೆಯಲ್ಲಿ ದುಡಿದವರಿಗೆಲ್ಲ ಗೊತ್ತಿರುವ ಕಾಟ ಅದು. ಅವಳು ಗುಂಡಿ ಬಿಟ್ಟು ಚನ್ನಯ್ಯನ ಕಡೆ ತಿರುಗಿದಳು.

"ಈ ಏಡಿ ಯಾರ ತಲ್ಯಾಗ ಬಂತು?"

"ನಂದೇ ರೀ. ನಮ್ಮ ಮಾವನ ಗದ್ದ್ಯಾಗ ನೋಡಿದ್ದೆ."

"ನಮ್ಮ ಪೆಟ್ಟಿಗ್ಯಾಗ ಇದನ್ನ ಹಾಕ್ಕ್ಯಳ್ಳೇನು?"

ಚನ್ನಯ್ಯ ಗಟ್ಟಿಯಾಗಿ ನಕ್ಕ. "ಹಾಕ್ಕ್ಯಳ್ರಿ. ಕೇಳಬೇಕೇನು?"

"ಕೇಳಬೇಕು" ಎಂದಳು ಹೊಳೆಮ್ಮ. "ನೀವು ಕೊಟ್ಟೀರಿ ಅಂತ ಆಡೋರಿಗೆ ಹೇಳಬೇಕಲ್ಲ."

ಆ ಕ್ಯಾಸೆಟ್ಟು ಅಂಥಾದ್ದೇನೂ ಓಡಲಿಲ್ಲ. ಒಂದೆರಡು ವರ್ಷಕ್ಕೆ ಆ ಕಂಪನಿ ಬೇರೆ ವ್ಯಾಪಾರಕ್ಕೆ ಇಳಿಯಿತು, ಚನ್ನಯ್ಯ ಮೇಷ್ಟ್ರಾಗಿ ಸಂಡೂರಿಗೇ ಬಂದ. ಏಡಿ ಮಾತ್ರ ನಮ್ಮ ಕಡೆಯ ಪೆಟ್ಟಿಗೆಗಳಲ್ಲಿ ಉಳಿಯಿತು. ಹೊಸ ಪೆಟ್ಟಿಗೆ ಕೊಡುವಾಗ ಹೊಳೆಮ್ಮ ಮರೆಯದೆ ಹೇಳುತ್ತಿದ್ದಳು: ಏಡಿ ಚನ್ನಯ್ಯನೋರದು, ಎರಡನೇ ಗುಂಡಿ ಹೊನ್ನೂರಪ್ಪಂದು, ಗೆಲ್ಲೋದು ಭೀಮಕ್ಕಂದು, ಉಳಿದಿದ್ದು ಪಾಲಯ್ಯಜ್ಜನ ಕಡೆಯೋರದು.

ತೊಂಬತ್ತೇಳರಲ್ಲಿ ಮರಿಯಮ್ಮನಹಳ್ಳಿಯ ಶಾಲೆಯಿಂದ ಟೀಚರ್ ಶಾಂತಕ್ಕ ಹೇಳಿ ಕಳಿಸಿದರು, ಪೆಟ್ಟಿಗೆ ಕೆಟ್ಟಿದೆ ಎಂದು. ಹೊಳೆಮ್ಮನ ಜೊತೆ ನಾನೂ ಹೋದೆ. ಅದು ಮಳೆ ನಂಬಿದ ಸೀಮೆ, ಕಾಲುವೆಯಿಲ್ಲ. ಅಲ್ಲಿನ ಮಕ್ಕಳು ಪೆಟ್ಟಿಗೆಯ ಮೇಲೆ ಹಾಳೆ ಅಂಟಿಸಿ, ಕಾಲುವೆಯ ಜಾಗದಲ್ಲಿ ನೀರಿನ ಟ್ಯಾಂಕರು, ಮಡಿಗಳ ಜಾಗದಲ್ಲಿ ಸಾಲಾಗಿ ಕೊಡ ಬರೆದಿದ್ದರು. ಏಡಿಗೆ ತೂತು ಕೊಡ ಎಂದು ಹೆಸರಿಟ್ಟಿದ್ದರು. ಆಡುವ ರೀತಿಯಲ್ಲೂ ಏನೇನೋ ಬದಲಾಯಿಸಿದ್ದರು. ಶಾಂತಕ್ಕ ಸಂಕೋಚದಿಂದ, "ನಿಮ್ಮ ಬಣ್ಣ ಎಲ್ಲ ಮುಚ್ಚಿಬಿಟ್ಟಾರ, ಬೇಜಾರಾಗಬ್ಯಾಡ್ರಿ" ಎಂದರು.

ಹೊಳೆಮ್ಮ ಸಡಿಲವಾದ ತಂತಿಗೆ ಬೆಸುಗೆ ಹಾಕಿ ಮುಗಿಸಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮಕ್ಕಳ ನಡುವೆ ನೆಲದ ಮೇಲೆ ಕೂತಳು.

"ಈ ಥರ ನನಗ ಬರಂಗಿಲ್ರಿ. ಕಲಿಸ್ರಿ" ಎಂದಳು.